ನಿಮಗಿದು ಗೊತ್ತೇ? ಅರ್ಥಶಾಸ್ತ್ರದ ಕಣದಲ್ಲಿ ಆಟಗಾರ್ತಿಯರು

◆ ಮುಖ ಕಾಣದಿದ್ದರೆ ಗೋಲು ಬರೀ ಗೋಲು! ಜ್ಯೂರಿಕ್ ವಿಶ್ವವಿದ್ಯಾಲಯದ ಹೆಲ್ಮುಟ್ ಡೀಟ್ಲ್ ಮತ್ತು ಅವರ ಸಂಗಡಿಗರು 613 ಜನರಿಗೆ ಫುಟ್‌ಬಾಲ್ ಗೋಲುಗಳ ವಿಡಿಯೊ ತೋರಿಸಿ, ಅಂಕ ಹಾಕಿ ಎಂದರು. ಕೆಲವು ಗೋಲು ಗಂಡಸರವು, ಕೆಲವು ಹೆಂಗಸರವು. ನೋಡಿದವರಲ್ಲಿ ಅರ್ಧ ಮಂದಿಗೆ ಸಿಕ್ಕಿದ್ದು ಟಿವಿಯಲ್ಲಿ ಬಂದ ಹಾಗೇ ಇದ್ದ ವಿಡಿಯೊ. ಉಳಿದವರಿಗೆ ತೋರಿಸಿದ್ದು ಆಟಗಾರರ ಮೈಮುಖವೆಲ್ಲ ಮಸುಕು ಮಾಡಿ, ಓಡುತ್ತಿರುವುದು ಗಂಡೋ ಹೆಣ್ಣೋ ಗೊತ್ತಾಗದ ವಿಡಿಯೊ. ಕಂಡವರು ಗಂಡಸರ ಗೋಲಿಗೆ ಹೆಚ್ಚು ಅಂಕ ಕೊಟ್ಟರು. ಕಾಣದವರ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ‘ಹೆಂಗಸರ ಮ್ಯಾಚ್‌ನಲ್ಲಿ ದಮ್ ಇಲ್ಲ ಮಾರಾಯ, ಅದಕ್ಕೇ ಯಾರೂ ನೋಡಲ್ಲ’ ಎಂದು ಸೋಫಾದ ಮೇಲಿಂದ ತೀರ್ಪು ಕೊಡುವ ಚಿಕ್ಕಪ್ಪ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಮುಂದಿನ ಸಲ ಅವರ ಕನ್ನಡಕ ತೆಗೆದಿಟ್ಟು ಮ್ಯಾಚ್ ತೋರಿಸಿ ನೋಡಿ.

◆ ಅರ್ಥಶಾಸ್ತ್ರದವರಿಗೆ ಆಟದ ಗೊಡವೆ ಏಕೆ? ಗುಮಾಸ್ತನೊಬ್ಬ ದಿನಕ್ಕೆ ಎಷ್ಟು ಕೆಲಸ ಮಾಡಿದ ಎಂದು ಹೊರಗಿನವರು ಅಳೆಯುವುದು ಕಷ್ಟ. ಆಟಗಾರನ ವಿಷಯ ಹಾಗಲ್ಲ. ಎಷ್ಟು ರನ್, ಎಷ್ಟು ತಪ್ಪು, ಎಷ್ಟು ಸಂಬಳ, ಯಾರ ಕೈಕೆಳಗೆ ಎಂಬುದೆಲ್ಲ ದಾಖಲೆಯಲ್ಲೇ ಇರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ಸ್ ಕಾನ್ 2000ದಲ್ಲಿ ಬರೆದ ಒಂದು ಹೆಸರಾಂತ ಪ್ರಬಂಧ ಕ್ರೀಡೋದ್ಯಮವನ್ನು ಕರೆದದ್ದೇ ‘ದುಡಿಮೆಯ ಮಾರುಕಟ್ಟೆಯ ಪ್ರಯೋಗಶಾಲೆ’ ಎಂದು. ಆ ಪ್ರಯೋಗಶಾಲೆಯ ಕಪಾಟುಗಳಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟು ಎಂಬುದೇ ಈ ಸಲದ ಅಂಕಣದ ವಿಷಯ.

◆ ಕ್ರೀಡಾ ಅರ್ಥಶಾಸ್ತ್ರದ ಹುಟ್ಟುಹಬ್ಬ ಯಾವಾಗ ಎಂದರೆ ಪಂಡಿತರು 1956 ಎನ್ನುತ್ತಾರೆ. ಅಮೆರಿಕದ ಸೈಮನ್ ರಾಟನ್‌ಬರ್ಗ್ ಆ ವರ್ಷ ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ಯಲ್ಲಿ ಬೇಸ್‌ಬಾಲ್ ಆಟಗಾರರ ಕೂಲಿ ಮಾರುಕಟ್ಟೆಯ ಬಗ್ಗೆ ಬರೆದರು. ಆಟಗಾರರನ್ನು ಇಷ್ಟ ಬಂದ ತಂಡಕ್ಕೆ ಹೋಗಲು ಬಿಟ್ಟರೆ ಹಣವಂತ ತಂಡವೇ ಒಳ್ಳೆಯವರನ್ನೆಲ್ಲ ಬಾಚಿಕೊಂಡು ಲೀಗ್ ಸಪ್ಪೆಯಾಗಿಬಿಡುತ್ತದೆಯೇ ಎಂಬುದು ಅವರ ಮುಂದಿದ್ದ ದೊಡ್ಡ ಪ್ರಶ್ನೆ. ಯಾರು ಗೆಲ್ಲುತ್ತಾರೋ ತಿಳಿಯದ ಪಂದ್ಯಕ್ಕೇ ಜನ ದುಡ್ಡು ಕೊಟ್ಟು ಬರುವುದು ಎಂಬ ವಾದವೂ ಅಲ್ಲಿಂದಲೇ ಶುರು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ತಮಾಷೆ ನೋಡಿ. ಆ ಪ್ರಬಂಧ ಬರುವುದಕ್ಕೆ ಎರಡೇ ವರ್ಷ ಮುಂಚೆ, 1954ರಲ್ಲಿ, ಅಮೆರಿಕದಲ್ಲಿ ಒಂದು ವೃತ್ತಿಪರ ಬೇಸ್‌ಬಾಲ್ ಲೀಗ್ ಬಾಗಿಲು ಹಾಕಿತ್ತು. ಅದು ಹೆಂಗಸರ ಲೀಗ್. ಗಂಡಸರು ಯುದ್ಧಕ್ಕೆ ಹೋದಾಗ ಮೈದಾನ ಖಾಲಿ ಬೀಳಬಾರದೆಂದು ಚೂಯಿಂಗ್ ಗಮ್ ವ್ಯಾಪಾರಿ ಫಿಲಿಪ್ ರಿಗ್ಲಿ 1943ರಲ್ಲಿ ಕಟ್ಟಿದ್ದು. ಹನ್ನೆರಡು ಋತುಗಳಲ್ಲಿ ಆರುನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಆಡಿದರು. 1948ರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಸ್ಕರ್ಟ್ ಹಾಕಿಕೊಂಡೇ ಸ್ಲೈಡ್ ಮಾಡಬೇಕಿತ್ತು, ತೊಡೆಯ ಚರ್ಮ ಕಿತ್ತುಬರುತ್ತಿತ್ತು, ಜೊತೆಗೆ ಸೊಬಗಿನಿಂದ ನಡೆಯುವ ತರಗತಿ ಬೇರೆ. ಅರ್ಥಶಾಸ್ತ್ರಕ್ಕೆ ಬೇಕಾದ ಸಂಗತಿ ಇನ್ನೊಂದಿತ್ತು. ಅಲ್ಲಿ ಆಟಗಾರ್ತಿಯರನ್ನು ತಂಡಗಳಿಗೆ ಹಂಚುತ್ತಿದ್ದದ್ದು ಲೀಗ್. ಯಾವ ತಂಡವೂ ತೀರಾ ಬಲವಾಗಬಾರದೆಂದು ಲೆಕ್ಕ ಹಾಕಿಯೇ ಹಂಚುತ್ತಿದ್ದರು. ರಾಟನ್‌ಬರ್ಗ್ ಎತ್ತಿದ ಪ್ರಶ್ನೆಗೆ ಇದಕ್ಕಿಂತ ಹೇಳಿ ಮಾಡಿಸಿದ ಉದಾಹರಣೆ ಬೇಕೆ? ಅಂಥ ಲೀಗ್ ಇಂದು ಜನರಿಗೆ ನೆನಪಿರುವುದು 1992ರ ‘ಎ ಲೀಗ್ ಆಫ್ ದೆರ್ ಓನ್’ ಸಿನಿಮಾದಿಂದ.

◆ ಪಾಠದಲ್ಲಿ ಬರುವ ಕೆಲವು ಘಟಾನುಘಟಿ ಪ್ರಬಂಧಗಳನ್ನು ತೆಗೆದು ನೋಡಿ. ಬಹುಮಾನದ ಮೊತ್ತ ಏರಿದರೆ ಆಟ ಸುಧಾರಿಸುತ್ತದೆಯೇ ಎಂದು ಕೇಳಿದ ಎಹ್ರೆನ್‌ಬರ್ಗ್–ಬೊಗ್ನಾನೊ ಪ್ರಬಂಧ (1990) ನಿಂತಿರುವುದು ಗಂಡಸರ ಗಾಲ್ಫ್ ಮೇಲೆ. ವಿಂಬಲ್ಡನ್ ಹೆಸರು ಹೊತ್ತ ವಾಕರ್–ವುಡರ್ಸ್ ಪ್ರಬಂಧ (2001) ಹತ್ತು ಪಂದ್ಯಗಳ ಸರ್ವ್ ಲೆಕ್ಕ ಹಾಕಿದೆ, ಹತ್ತೂ ಗಂಡಸರವು. ಪೆನಾಲ್ಟಿ ಒದೆತದ ಮೇಲೆ ಪಲಾಸಿಯೊಸ್-ಹುಯೆರ್ತಾ 2003ರಲ್ಲಿ ಬರೆದದ್ದರಲ್ಲಿ 1,417 ಒದೆತಗಳಿವೆ, ಎಲ್ಲವೂ ಗಂಡಸರ ಫುಟ್‌ಬಾಲಿನವು. ಬಲಿಷ್ಠ ಎದುರಾಳಿ ಇದ್ದರೆ ಉಳಿದವರ ಆಟ ಕುಗ್ಗುತ್ತದೆ ಎಂದು ಜೆನಿಫರ್ ಬ್ರೌನ್ 2011ರಲ್ಲಿ ತೋರಿಸಿದ್ದು ಟೈಗರ್ ವುಡ್ಸ್ ಮೂಲಕ. ಲೇಖಕಿ ಹೆಣ್ಣು, ಆಟಗಾರರು ಗಂಡಸರು. ಈ ಪ್ರಬಂಧಗಳಿಂದ ಹೊರಟ ತೀರ್ಮಾನಗಳು ಮಾತ್ರ ‘ಮನುಷ್ಯರು’ ಹೀಗೆ ನಡೆದುಕೊಳ್ಳುತ್ತಾರೆ ಎಂದು ತರಗತಿಗೆ ಬರುತ್ತವೆ.

◆ ನಮ್ಮ ದೇಶದ್ದೂ ಒಂದಿದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ವಾರಾಣಸಿಯ ಹಳ್ಳಿಗಳ ಕಡೆ ಕ್ರಿಕೆಟ್ ಲೀಗ್‌ಗಳನ್ನೇ ನಡೆಸಿ, ಬೇರೆ ಬೇರೆ ಜಾತಿಯವರು ಒಂದೇ ತಂಡದಲ್ಲಿ ಆಡಿದರೆ ಸ್ನೇಹ ಬೆಳೆಯುತ್ತದೆಯೇ ಎಂದು ಪರೀಕ್ಷಿಸಿದರು. ಒಂದೇ ತಂಡದಲ್ಲಿ ಆಡಿದರೆ ಜಾತಿ ದಾಟಿ ಗೆಳೆತನ ಹೆಚ್ಚಿತು, ಎದುರು ತಂಡದಲ್ಲಿ ಆಡಿದರೆ ಇಳಿಯಿತು. 2021ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಬಂದ ಸೊಗಸಾದ ಕೆಲಸ. ಪ್ರಯೋಗದಲ್ಲಿದ್ದವರು 1,261 ಮಂದಿ. ಎಲ್ಲರೂ ಯುವಕರು.

◆ ಅರ್ಥಶಾಸ್ತ್ರದ ಪ್ರಬಂಧಗಳಿಗೆ ಗ್ರಂಥಾಲಯದ ಪುಸ್ತಕಗಳ ಹಾಗೆ ಸಂಕೇತ ಸಂಖ್ಯೆಗಳಿವೆ. ಕ್ರೀಡೆಗೆ ಝಡ್2, ಲಿಂಗಭೇದದ ಅರ್ಥಶಾಸ್ತ್ರಕ್ಕೆ ಜೆ16. ಮಹಿಳಾ ಕ್ರೀಡೆಗೇ ಎಂದು ಪ್ರತ್ಯೇಕ ಸಂಖ್ಯೆ ಇಲ್ಲ.

◆ ಹಾಗಾದರೆ ಹೆಣ್ಣುಮಕ್ಕಳ ಆಟ ಪ್ರಬಂಧಗಳಿಗೆ ಬಂದದ್ದು ಯಾವ ಬಾಗಿಲಿನಿಂದ? ಬಹುಮಟ್ಟಿಗೆ ‘ಹೆಣ್ಣಿಗೂ ಗಂಡಿಗೂ ಪೈಪೋಟಿಯಲ್ಲಿ ಏನು ವ್ಯತ್ಯಾಸ’ ಎಂಬ ಒಂದೇ ಬಾಗಿಲಿನಿಂದ. ಊರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ 2004ರಲ್ಲಿ ಇಸ್ರೇಲಿನ ಶಾಲೆಗಳಲ್ಲಿ ಒಂಬತ್ತು–ಹತ್ತು ವರ್ಷದ ಮಕ್ಕಳನ್ನು ನಲವತ್ತು ಮೀಟರ್ ಓಡಿಸಿದರು. ಮೊದಲು ಒಬ್ಬೊಬ್ಬರೇ, ಆಮೇಲೆ ಜೋಡಿಯಾಗಿ. ಪಕ್ಕದಲ್ಲಿ ಇನ್ನೊಬ್ಬರು ಓಡುತ್ತಿದ್ದಾಗ ಹುಡುಗರ ವೇಗ ಏರಿತು, ಹುಡುಗಿಯರದು ಏರಲಿಲ್ಲ. ‘ಚಿಕ್ಕಂದಿನಿಂದಲೇ ಹೀಗೆ’ ಎಂದು ಅನೇಕರು ತಲೆಯಾಡಿಸಿದರು.

ಸ್ವೀಡನ್ನಿನ ಅನ್ನಾ ಡ್ರೆಬರ್ ಮತ್ತು ಇಬ್ಬರು ಜೊತೆಗಾರ್ತಿಯರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅಲ್ಲಿನ ಏಳರಿಂದ ಹತ್ತು ವರ್ಷದ ಮಕ್ಕಳನ್ನು ಓಡಿಸಿದರು, ಸ್ಕಿಪ್ಪಿಂಗ್ ಆಡಿಸಿದರು, ಕುಣಿಸಿದರು ಕೂಡ. ಓಟ ಗಂಡುಹುಡುಗರದೆಂಬ ಹೆಸರಿನ ಆಟ, ಸ್ಕಿಪ್ಪಿಂಗ್ ಹೆಣ್ಣುಮಕ್ಕಳದೆಂಬ ಹೆಸರಿನದು. ಹಾಗಾಗಿ ಎರಡೂ ಇರಲಿ ಎಂಬ ಲೆಕ್ಕ. ಯಾವುದರಲ್ಲೂ ಗಂಡುಹೆಣ್ಣಿನ ವ್ಯತ್ಯಾಸ ಕಾಣಲಿಲ್ಲ. ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಹುಡುಗಿಯರ ಥ್ರೋಬಾಲ್ ಫೈನಲ್ ನೋಡಿದ ಯಾವ ಪಿ.ಟಿ. ಮೇಷ್ಟ್ರನ್ನು ಕೇಳಿದ್ದರೂ ಇದನ್ನು ಪುಕ್ಕಟೆ ಹೇಳುತ್ತಿದ್ದರು. ಲೈನ್ ಜಗಳಕ್ಕೆ ಅಂಪೈರ್ ಸೀಟಿ ಊದಿ ಊದಿ ಸುಸ್ತಾಗಿರುತ್ತಾರೆ.

◆ ಬಕೆಟ್‌ನೊಳಗೆ ಟೆನಿಸ್ ಚೆಂಡು ಹಾಕುವ ಆಟ ಅರ್ಥಶಾಸ್ತ್ರದ ಚರ್ಚೆಯನ್ನೇ ತಿರುಗಿಸಿದ ಕಥೆ ಗೊತ್ತೇ? ಮೇಲೆ ಹೇಳಿದ ಗ್ನೀಝಿ ಅವರೇ, ಕೆನೆತ್ ಲಿಯೊನಾರ್ಡ್ ಮತ್ತು ಜಾನ್ ಲಿಸ್ಟ್ ಜೊತೆ ಸೇರಿ, ತಾಂಜಾನಿಯಾದ ಮಸಾಯಿಗಳ ಬಳಿಗೂ ನಮ್ಮ ಮೇಘಾಲಯದ ಖಾಸಿಗಳ ಬಳಿಗೂ ಹೋದರು. ಮಸಾಯಿಗಳಲ್ಲಿ ಎಲ್ಲವೂ ಗಂಡಸಿನ ಅಧೀನ. ಖಾಸಿಗಳಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಆಸ್ತಿ ಹೋಗುವುದು ಕಿರಿಯ ಮಗಳಿಗೆ. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಇದು ತೀರಾ ಹೊಸದೇನಲ್ಲ.

ಆಟ ಬಲು ಸರಳ. ಮೂರು ಮೀಟರ್ ದೂರದಲ್ಲಿ ಬಕೆಟ್, ಕೈ ಕೆಳಗಿಂದ ಎಸೆಯಬೇಕು, ಹತ್ತು ಅವಕಾಶ. ಎಸೆಯುವ ಮುಂಚೆ ಒಂದು ಆಯ್ಕೆ. ಒಳಗೆ ಬಿದ್ದ ಪ್ರತಿ ಚೆಂಡಿಗೆ ಇಷ್ಟೆಂದು ದುಡ್ಡು ಬೇಕೋ? ಅಥವಾ ಕಣ್ಣಿಗೆ ಕಾಣದ ಇನ್ನೊಬ್ಬರ ಜೊತೆ ಪಂದ್ಯ ಕಟ್ಟಿ, ಗೆದ್ದರೆ ಪ್ರತಿ ಚೆಂಡಿಗೂ ಮೂರು ಪಟ್ಟು, ಸೋತರೆ ಸೊನ್ನೆ, ಅದು ಬೇಕೋ? ಮಸಾಯಿ ಗಂಡಸರಲ್ಲಿ ಶೇ 50 ಮಂದಿ ಪಂದ್ಯಕ್ಕೆ ಸೈ ಎಂದರು, ಹೆಂಗಸರಲ್ಲಿ ಶೇ 26. ಖಾಸಿಗಳಲ್ಲಿ ಲೆಕ್ಕ ತಿರುಗಿತು. ಹೆಂಗಸರಲ್ಲಿ ಶೇ 54, ಗಂಡಸರಲ್ಲಿ ಶೇ 39. 2009ರಲ್ಲಿ ‘ಇಕನಾಮೆಟ್ರಿಕಾ’ದಲ್ಲಿ ಇದು ಅಚ್ಚಾಯಿತು. ಪೈಪೋಟಿಯ ಕೆಚ್ಚು ರಕ್ತದಲ್ಲೇ ಬರುತ್ತದೆ ಎನ್ನುತ್ತಿದ್ದವರಿಗೆ ಶಿಲ್ಲಾಂಗ್ ಕಡೆಯ ಅಮ್ಮಂದಿರು ಬಕೆಟ್ ಇಟ್ಟು ಉತ್ತರ ಕೊಟ್ಟರು.

◆ ಒತ್ತಡದಲ್ಲಿ ಕೈ ನಡುಗುವುದು ಯಾರದು? 2007ರಲ್ಲಿ ಡ್ಯಾನಿಯೆಲೆ ಪಾಸೆರ್ಮನ್ ಅವರ ಟೆನಿಸ್ ಪ್ರಬಂಧದ ಕರಡು ಹೊರಬಿದ್ದಾಗ ‘ನಿರ್ಣಾಯಕ ಪಾಯಿಂಟ್‌ಗಳಲ್ಲಿ ಹೆಣ್ಣುಮಕ್ಕಳ ತಪ್ಪು ಹೆಚ್ಚು’ ಎಂಬ ಸುದ್ದಿ ಎಲ್ಲೆಡೆ ಓಡಾಡಿತು. ಅವರೇ ಹೆಚ್ಚು ಪಂದ್ಯಗಳನ್ನು ಸೇರಿಸಿಕೊಂಡು ಮತ್ತೆ ನೋಡಿದಾಗ ಚಿತ್ರ ಬದಲಾಯಿತು. ಕೊನೆಯ ಸೆಟ್‌ನಲ್ಲಿ ಇಬ್ಬರ ಆಟವೂ ಕೆಡುತ್ತದೆ, ನಡುವಿನ ಅಂತರ ಗಟ್ಟಿಯಾಗಿ ಹೇಳುವಷ್ಟಿಲ್ಲ. ಮುಂದೆ 2017ರಲ್ಲಿ ಡ್ಯಾನಿ ಕೋಹೆನ್-ಝಾಡಾ ತಂಡ 2010ರ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳ 8,200ಕ್ಕೂ ಹೆಚ್ಚು ಗೇಮ್‌ಗಳನ್ನು ತೂಗಿ ನೋಡಿತು. ಒತ್ತಡಕ್ಕೆ ಪ್ರತಿಸಲ ಎಡವಿದವರು ಗಂಡಸರು. ಹೆಣ್ಣುಮಕ್ಕಳ ಫಲಿತಾಂಶ ಅತ್ತ ಇತ್ತ ಇತ್ತು, ಆಟ ಇಳಿದ ಕಡೆಯೂ ಇಳಿತ ಗಂಡಸರದರ ಅರ್ಧದಷ್ಟೇ. ಈ ಎರಡನೆಯ ಸುದ್ದಿ ಚಿಕ್ಕಪ್ಪನವರೆಗೆ ಇನ್ನೂ ತಲುಪಿಲ್ಲ.

◆ ವಾಕರ್–ವುಡರ್ಸ್‌ರ ವಿಂಬಲ್ಡನ್ ಲೆಕ್ಕಕ್ಕೆ ಹೆಣ್ಣುಮಕ್ಕಳು ಸೇರಿದ್ದು ಆರು ವರ್ಷ ತಡವಾಗಿ. 2007ರಲ್ಲಿ ತೈವಾನಿನ ಮೂವರು ಸಂಶೋಧಕರು ಮಹಿಳೆಯರ ಮತ್ತು ಕಿರಿಯರ ಪಂದ್ಯಗಳನ್ನೂ ತಂದು, ಸರ್ವ್ ಎಡಕ್ಕೋ ಬಲಕ್ಕೋ ಎಂದು ಬೆರೆಸುವ ಜಾಣತನ ಎಲ್ಲರಲ್ಲೂ ಇದೆ ಎಂದರು. ಆಮೇಲೆ ವುಡರ್ಸ್ ಅವರೇ ಇನ್ನಿಬ್ಬರ ಜೊತೆ ಹಾಕ್-ಐ ಕ್ಯಾಮೆರಾದ ಸುಮಾರು ಐದು ಲಕ್ಷ ಸರ್ವ್ ಹಿಡಿದು ಕೂತಾಗ, ಸಿದ್ಧಾಂತಕ್ಕೆ ಗಂಡಸರ ಆಟ ಇನ್ನಷ್ಟು ಹತ್ತಿರ ಎಂದು ಕಂಡಿತು. ಕಾರಣ ಬುದ್ಧಿ ಕಡಿಮೆ ಎಂದಲ್ಲ. ಗಂಡಸರ ಟೆನಿಸ್‌ನಲ್ಲಿ ಸರ್ವ್ ಒಂದೇ ಪಾಯಿಂಟ್ ಗೆದ್ದುಕೊಡುತ್ತದೆ, ಹಾಗಾಗಿ ಅದನ್ನೇ ಹೆಚ್ಚು ಮಸೆಯುತ್ತಾರೆ ಎಂಬುದು ಅವರು ಕೊಟ್ಟ ವಿವರಣೆ.

◆ ಹೈಜಂಪ್, ಪೋಲ್‌ವಾಲ್ಟ್‌ಗಳಲ್ಲಿ ಒಂದು ಎತ್ತರವನ್ನು ಬಿಟ್ಟು ಮುಂದಿನದಕ್ಕೆ ನೆಗೆಯುತ್ತೇನೆ ಎನ್ನಬಹುದು. ಅದೊಂದು ಜೂಜು. ಆಸ್ಟ್ರಿಯಾದ ರೆನೆ ಬೋಹೈಮ್ ಮತ್ತು ಮಾರಿಯೊ ಲ್ಯಾಕ್ನರ್ ಅವರ ಲೆಕ್ಕದಂತೆ ಹೆಣ್ಣುಮಕ್ಕಳು ಈ ಜೂಜಿಗೆ ಕಡಿಮೆ ಕೈಹಾಕುತ್ತಾರೆ. ಆದರೆ ಹಾಕಿದಾಗ ಅವರಿಗೇ ಲಾಭ ಹೆಚ್ಚು!

◆ ಗಂಡೂ ಹೆಣ್ಣೂ ಒಂದೇ ನೀರಿನಲ್ಲಿ, ಒಂದೇ ನಿಯಮಕ್ಕೆ, ಒಂದೇ ಬಹುಮಾನಕ್ಕೆ ಸೆಣಸುವ ವೃತ್ತಿಪರ ಆಟ ಜಪಾನಿನಲ್ಲಿದೆ. ಹೆಸರು ಕ್ಯೋಟೆ. ಆರು ಮೋಟಾರ್ ದೋಣಿಗಳ ರೇಸ್, ಜನ ದುಡ್ಡು ಕಟ್ಟಿ ನೋಡುವಂಥದ್ದು. ಯಾವ ರೇಸಿನಲ್ಲಿ ಎಲ್ಲರೂ ಹೆಂಗಸರು, ಯಾವುದರಲ್ಲಿ ಬೆರಕೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುವುದರಿಂದ ಸಂಶೋಧಕರಿಗೆ ಹಬ್ಬ. ಆಲಿಸನ್ ಬೂತ್ ಮತ್ತು ಎಯ್ಜಿ ಯಮಾಮುರಾ 1,40,000ಕ್ಕೂ ಹೆಚ್ಚು ದಾಖಲೆಗಳನ್ನು ಜಾಲಾಡಿದರು. ಅದೇ ಹೆಣ್ಣುಮಗಳು ಹೆಂಗಸರ ರೇಸಿಗಿಂತ ಬೆರಕೆ ರೇಸಿನಲ್ಲಿ ನಿಧಾನ, ಅದೇ ಗಂಡಸು ಬೆರಕೆಯಲ್ಲಿ ಜೋರು. ಅಷ್ಟಕ್ಕೇ ನಿಲ್ಲಿಸಿದ್ದರೆ ಹಳೇ ಹಾಡಾಗುತ್ತಿತ್ತು. ಅವರು ಇನ್ನೊಂದನ್ನೂ ಗಮನಿಸಿದರು. ಬೆರಕೆ ರೇಸಿನಲ್ಲಿ ಗಂಡಸರು, ದಂಡ ಬೀಳುವ ಅಪಾಯವಿದ್ದರೂ, ಲೇನ್ ಬದಲಿಸಿ ನುಗ್ಗುವುದು ಹೆಚ್ಚು. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸ್ಕೂಟಿ ಓಡಿಸುವ ಯಾವ ಹೆಂಗಸಿಗೂ ಇದಕ್ಕೆ ಪ್ರಬಂಧ ಬೇಕಾಗಿಲ್ಲ.

◆ ಚೆಸ್‌ನಲ್ಲಂತೂ ಮೈಬಲದ ಮಾತೇ ಇಲ್ಲ. ಸ್ವೀಡನ್ನಿನ ಕ್ರಿಸ್ಟರ್ ಗೆರ್ಡೆಸ್ ಮತ್ತು ಪ್ಯಾಟ್ರಿಕ್ ಗ್ರಾನ್ಸ್‌ಮಾರ್ಕ್ 14 ಲಕ್ಷ ಆಟಗಳನ್ನು ನೋಡಿ 2010ರಲ್ಲಿ ಹೇಳಿದ್ದು ಇಷ್ಟು. ಎದುರಿಗೆ ಹೆಣ್ಣು ಕೂತರೆ ಗಂಡಸರು ಹೆಚ್ಚು ಆಕ್ರಮಣದ ಆರಂಭ ಆರಿಸಿಕೊಳ್ಳುತ್ತಾರೆ. ಅದರಿಂದ ಗೆಲುವಿನ ಸಾಧ್ಯತೆ ಕಡಿಮೆಯಾಗುತ್ತದೆ, ಆದರೂ! ಇನ್ನೊಂದು ತಂಡ ಕಂಡುಕೊಂಡದ್ದು, ಹೆಣ್ಣಿನ ಎದುರು ಸೋಲುವ ಸ್ಥಿತಿ ಬಂದರೂ ಗಂಡಸರು ಕೈಚೆಲ್ಲಲು ತಡಮಾಡುತ್ತಾರೆ ಎಂದು. ಮೂಗು ಮಣ್ಣಾಗುವುದಕ್ಕೂ ಒಂದು ಬೆಲೆ ಇದೆಯಲ್ಲ, ಅರ್ಥಶಾಸ್ತ್ರ ಅದನ್ನೂ ಅಳೆದಿದೆ.

◆ ‘ಆಟ ಆಡಿದರೆ ಹೊಟ್ಟೆ ತುಂಬುತ್ತಾ?’ ಮಗಳು ಸ್ಪೋರ್ಟ್ಸ್ ಶೂ ಕೇಳಿದಾಗ ಹುಟ್ಟುವ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬೆಟ್ಸಿ ಸ್ಟೀವನ್‌ಸನ್, ಮುಂದೆ ಅಧ್ಯಕ್ಷ ಒಬಾಮಾ ಅವರ ಆರ್ಥಿಕ ಸಲಹಾ ಮಂಡಳಿಯಲ್ಲಿದ್ದವರು. ಅಮೆರಿಕದಲ್ಲಿ 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜು ಗಂಡುಹೆಣ್ಣೆಂದು ಭೇದ ಮಾಡಬಾರದು, ಅಷ್ಟೇ. ಮೂಲದಲ್ಲಿ ಇಂಗ್ಲಿಷಿನ ಮೂವತ್ತೇಳು ಪದ, ‘ಕ್ರೀಡೆ’ ಎಂಬ ಮಾತು ಅದರಲ್ಲಿಲ್ಲ. ಆದರೂ ಅಲ್ಲಿಯವರೆಗೆ 27 ಹುಡುಗಿಯರಲ್ಲಿ ಒಬ್ಬಳು ಹೈಸ್ಕೂಲು ತಂಡದಲ್ಲಿ ಆಡುತ್ತಿದ್ದರೆ, 1978ರ ಹೊತ್ತಿಗೆ ನಾಲ್ವರಲ್ಲಿ ಒಬ್ಬಳು ಆಡತೊಡಗಿದಳು. ಸಂಖ್ಯೆ ಸುಮಾರು 2.94 ಲಕ್ಷದಿಂದ 20 ಲಕ್ಷ ದಾಟಿತು.

ಆಡಿದವರು ಮುಂದೆ ಕಾಲೇಜಿಗೆ ಹೋದರು, ಒಳ್ಳೆ ಕೆಲಸ ಹಿಡಿದರು ಎಂದು ತೋರಿಸುವುದು ಸುಲಭ. ಆದರೆ ಅದು ತನ್ನ ಹುಂಜ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತೆಂದ ಅಜ್ಜಿಯ ಲೆಕ್ಕವಾದೀತು. ಮನೆಯವರ ಬೆಂಬಲ ಇರುವ ಚುರುಕು ಹುಡುಗಿ ಮೈದಾನಕ್ಕೂ ಹೋಗುತ್ತಾಳೆ, ಕಾಲೇಜಿಗೂ ಹೋಗುತ್ತಾಳೆ. ಎರಡಕ್ಕೂ ಕಾರಣ ಮನೆಯೇ ಇರಬಹುದು. ಸ್ಟೀವನ್‌ಸನ್ ಹುಡುಕಿದ ದಾರಿ ನೋಡಿ. ಕಾನೂನು ಬರುವ ಮುಂಚೆ ಕೆಲವು ರಾಜ್ಯಗಳಲ್ಲಿ ಗಂಡುಹುಡುಗರು ತುಂಬ ಆಡುತ್ತಿದ್ದರು, ಕೆಲವು ಕಡೆ ಕಡಿಮೆ. ಹುಡುಗರಿಗೆ ಸಮನಾಗಿ ಹುಡುಗಿಯರಿಗೂ ಅವಕಾಶ ಕೊಡಲೇಬೇಕೆಂದಾಗ, ಎಲ್ಲಿ ಹುಡುಗರು ಹೆಚ್ಚು ಆಡುತ್ತಿದ್ದರೋ ಅಲ್ಲೇ ಹುಡುಗಿಯರ ತಂಡಗಳೂ ಹೆಚ್ಚು ಹುಟ್ಟಬೇಕಾಯಿತು. ಈ ಹೆಚ್ಚಳಕ್ಕೂ ಯಾವುದೋ ಹುಡುಗಿಯ ಮನೆಯ ಬೆಂಬಲಕ್ಕೂ ಸಂಬಂಧವಿಲ್ಲ. ಅಣ್ಣಂದಿರ ಹಳೇ ಲೆಕ್ಕ ಹಿಡಿದು ತಂಗಿಯರ ಭವಿಷ್ಯ ಅಳೆದ ಹಾಗೆ! ಉತ್ತರ ಹೀಗೆ ಬಂತು. ಆಡುವ ಹುಡುಗಿಯರ ಪ್ರಮಾಣ ನೂರಕ್ಕೆ ಹತ್ತರಷ್ಟು ಏರಿದರೆ ಕಾಲೇಜು ಸೇರುವವರು ನೂರಕ್ಕೆ ಒಬ್ಬರಷ್ಟು, ದುಡಿಮೆಗೆ ಇಳಿಯುವವರು ಒಬ್ಬರಿಂದ ಇಬ್ಬರಷ್ಟು ಹೆಚ್ಚುತ್ತಾರೆ. ಗಂಡಸರದೇ ಎನಿಸಿಕೊಂಡಿದ್ದ ವೃತ್ತಿಗಳಿಗೂ ಹೆಚ್ಚು ಹೆಣ್ಣುಮಕ್ಕಳು ನುಗ್ಗಿದರು. 2010ರ ಪ್ರಬಂಧ ಇದು. ಹೊಟ್ಟೆ ತುಂಬುತ್ತದೆ ಅಂತಾಯಿತು.

◆ ಅದೇ ಉಪಾಯವನ್ನು ಎರವಲು ಪಡೆದು ಫೀಬಿ ಕ್ಲಾರ್ಕ್ ಮತ್ತು ಇಯಾನ್ ಏರ್ಸ್ ಬರೆದ 2014ರ ಪ್ರಬಂಧದ ಹೆಸರು ‘ಚಾಸ್ಟೇನ್ ಪರಿಣಾಮ’. 1999ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ, 90,185 ಪ್ರೇಕ್ಷಕರ ಎದುರು, ಕೊನೆಯ ಪೆನಾಲ್ಟಿ ಹೊಡೆದ ಬ್ರಾಂಡಿ ಚಾಸ್ಟೇನ್ ಅವರ ಹೆಸರು. ಆಡಿದ ಹುಡುಗಿಯರು ಮುಂದೆ ಗಂಡನಿಲ್ಲದೆಯೂ ಮಕ್ಕಳನ್ನು ಸಾಕುವ ಸಾಧ್ಯತೆ ಹೆಚ್ಚು, ದೇವರುದಿಂಡರ ಗೋಜು ಕಡಿಮೆ ಎಂಬುದು ಅವರ ಲೆಕ್ಕ. ಒಳ್ಳೆಯದೋ ಕೆಟ್ಟದ್ದೋ ಎಂದು ಪ್ರಬಂಧದ ಅಂಕಿಗಳು ಹೇಳುವುದಿಲ್ಲ. ನಮ್ಮ ಓದುಗರು ಪತ್ರ ಬರೆದು ಹೇಳುತ್ತಾರೆ.

◆ ‘ಜನ ನೋಡುವುದಿಲ್ಲ, ಅದಕ್ಕೇ ದುಡ್ಡಿಲ್ಲ’ ಎಂಬ ವಾದಕ್ಕೆ ಇತಿಹಾಸದಲ್ಲೇ ಒಂದು ಎಡರು ಇದೆ. 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಲೇಡೀಸ್ ತಂಡದ ಪಂದ್ಯಕ್ಕೆ 53,000 ಮಂದಿ ಬಂದಿದ್ದರು. ಒಂದೇ ವರ್ಷದಲ್ಲಿ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದಿತು. ಸುಮಾರು ಅರ್ಧ ಶತಮಾನ ಆ ಬೀಗ ತೆಗೆಯಲಿಲ್ಲ. ಬ್ರೆಜಿಲ್ 1941ರಿಂದ 1979ರವರೆಗೆ, ಪಶ್ಚಿಮ ಜರ್ಮನಿ 1955ರಿಂದ 1970ರವರೆಗೆ ಇಂಥದ್ದೇ ನಿಷೇಧ ಹಾಕಿಕೊಂಡಿದ್ದವು. ಅಂಗಡಿಗೆ ಬೀಗ ಜಡಿದು, ಆಮೇಲೆ ಗಿರಾಕಿಯೇ ಇಲ್ಲ ಎಂದು ಲೆಕ್ಕ ಬರೆದ ಹಾಗಾಯಿತು.

◆ ಟಿವಿಯ ಕಥೆಯೂ ಅಷ್ಟೇ. ಲಾಸ್ ಏಂಜಲೀಸ್‌ನ ಟಿವಿ ಸುದ್ದಿಗಳಲ್ಲಿ ಮಹಿಳಾ ಕ್ರೀಡೆಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಸಮಾಜಶಾಸ್ತ್ರಜ್ಞರು 1989ರಿಂದ ಗಡಿಯಾರ ಹಿಡಿದು ನೋಡುತ್ತಿದ್ದಾರೆ. ಆಗ ಸುಮಾರು ಶೇ 5, ಮೂವತ್ತು ವರ್ಷದ ಮೇಲೆ 2019ರಲ್ಲೂ ಸುಮಾರು ಶೇ 5. ಇತ್ತ ಮರುವರ್ಷವೇ, 2020ರ ಮಾರ್ಚ್ 8ರಂದು, ಮೆಲ್ಬರ್ನ್‌ನಲ್ಲಿ ಮಹಿಳಾ ಟಿ20 ವಿಶ್ವಕಪ್ ಫೈನಲ್‌ಗೆ ಬಂದವರು 86,174 ಮಂದಿ. ಆ ಫೈನಲ್‌ನ ಭಾರತ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ ಇಬ್ಬರೂ ಆಡಿದ್ದರು.

◆ ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡ ಸಮಾನ ವೇತನಕ್ಕಾಗಿ ಕೋರ್ಟಿಗೆ ಹೋದಾಗ 2020ರಲ್ಲಿ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ಕಾರಣ ಕೇಳಿ. ಆ ಅವಧಿಯಲ್ಲಿ ಮಹಿಳಾ ತಂಡಕ್ಕೆ ಪಂದ್ಯವೊಂದಕ್ಕೆ ಸರಾಸರಿ 2,20,747 ಡಾಲರ್, ಪುರುಷರ ತಂಡಕ್ಕೆ 2,12,639 ಡಾಲರ್ ಸಿಕ್ಕಿತ್ತು. ಹೆಂಗಸರಿಗೇ ಜಾಸ್ತಿಯಲ್ಲವೇ! ಆದರೆ ಹೆಂಗಸರು ಆ ಅವಧಿಯಲ್ಲಿ ವಿಶ್ವಕಪ್ಪನ್ನೇ ಗೆದ್ದಿದ್ದರು, ಗಂಡಸರು 2018ರ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಗೆದ್ದು ಗೆದ್ದು ಸಾಕಾದವರು, ಸೋತು ಮನೆಯಲ್ಲಿ ಕೂತವರ ಸಮಕ್ಕೆ ಬಂದದ್ದನ್ನು ‘ಸಮಾನ’ ಎನ್ನಬೇಕೆ? ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಟ್ಟರೆ ಅನ್ಯಾಯ. ಮಹಿಳಾ ತಂಡ ತಿಂಗಳ ಸಂಬಳ, ವಿಮೆ ಎಂಬ ಭದ್ರತೆ ಇರುವ ಒಪ್ಪಂದ ಮಾಡಿಕೊಂಡಿತ್ತು. ಪುರುಷರದು ಆಡಿದರೆ ದುಡ್ಡು, ಗೆದ್ದರೆ ಇನ್ನೂ ದುಡ್ಡು ಎಂಬ ಲೆಕ್ಕ. ಒಂದು ಸರ್ಕಾರಿ ನೌಕರಿ, ಇನ್ನೊಂದು ಕಮಿಷನ್ ವ್ಯಾಪಾರ. ಹೆಂಗಸರು ಭದ್ರತೆಯನ್ನು ಏಕೆ ಆರಿಸಿಕೊಂಡರು ಎಂದರೆ, ಆಡಿ ಬದುಕಲು ಕ್ಲಬ್ಬುಗಳಲ್ಲಿ ಅವರಿಗೆ ಗಂಡಸರಷ್ಟು ಸಂಬಳ ಹುಟ್ಟುತ್ತಿರಲಿಲ್ಲ. 2016ರಿಂದ 2018ರವರೆಗೆ ಮಹಿಳೆಯರ ಪಂದ್ಯಗಳಿಂದ 5.08 ಕೋಟಿ ಡಾಲರ್, ಪುರುಷರ ಪಂದ್ಯಗಳಿಂದ 4.99 ಕೋಟಿ ಡಾಲರ್ ಆದಾಯ ಬಂದಿತ್ತು ಎಂಬ ಲೆಕ್ಕವೂ ಪತ್ರಿಕೆಗಳಲ್ಲಿ ಬಂತು. ಕೊನೆಗೆ 2022ರಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು.

◆ ಟೆನಿಸ್‌ನಲ್ಲಿ ಯುಎಸ್ ಓಪನ್ ಸಮಾನ ಬಹುಮಾನ ಕೊಟ್ಟದ್ದು 1973ರಲ್ಲಿ. ವಿಂಬಲ್ಡನ್‌ಗೆ ಆ ಬುದ್ಧಿ ಬರಲು 2007 ಬೇಕಾಯಿತು.

◆ ಮೊದಲ ಮಹಿಳಾ ಕ್ರಿಕೆಟ್ ವಿಶ್ವಕಪ್ ನಡೆದದ್ದು 1973ರಲ್ಲಿ. ಪುರುಷರದು ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ! ಭಾರತದ ಮಹಿಳಾ ತಂಡಕ್ಕೆ ಮೊದಲ ಟೆಸ್ಟ್ ಗೆಲುವು ತಂದ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ, 1976ರಲ್ಲಿ ಪಟ್ನಾದಲ್ಲಿ. ಆ ಕಾಲದವರು ರೈಲಿನ ಕಾಯ್ದಿರಿಸದ ಬೋಗಿಗಳಲ್ಲಿ ಕಿಟ್ ಬ್ಯಾಗಿನ ಮೇಲೆ ಕೂತು ಪಂದ್ಯಕ್ಕೆ ಹೋಗುತ್ತಿದ್ದರು.

◆ 2022ರ ಅಕ್ಟೋಬರ್ 27ರಂದು ಬಿಸಿಸಿಐ ಸಮಾನ ಪಂದ್ಯ ಶುಲ್ಕ ಘೋಷಿಸಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಮೆಚ್ಚಬೇಕಾದ್ದೇ. ಆದರೆ ಪೆನ್ನು ಹಿಡಿದು ಒಂದು ಗುಣಾಕಾರ ಮಾಡಿ. ಎರಡು ದಶಕ ಆಡಿದ ಮಿಥಾಲಿ ರಾಜ್ ಅವರಿಗೆ ಸಿಕ್ಕಿದ್ದು 12 ಟೆಸ್ಟ್. ಸಚಿನ್ ತೆಂಡೂಲ್ಕರ್ ಆಡಿದ್ದು 200. ದರ ಒಂದೇ ಆದರೂ ಗುಣಿಸುವ ಸಂಖ್ಯೆ ಒಂದೇ ಅಲ್ಲ. ವಾರ್ಷಿಕ ಒಪ್ಪಂದದ ಲೆಕ್ಕ ಬೇರೆ. 2022–23ರಲ್ಲಿ ಮಹಿಳೆಯರ ಅತ್ಯುನ್ನತ ಶ್ರೇಣಿಗೆ 50 ಲಕ್ಷ, ಪುರುಷರದಕ್ಕೆ 7 ಕೋಟಿ.

◆ 2023ರಲ್ಲಿ ಮಹಿಳಾ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್‌ನ ಐದು ತಂಡಗಳು ಮಾರಾಟವಾದದ್ದು 4,669.99 ಕೋಟಿ ರೂಪಾಯಿಗೆ. ಸ್ಮೃತಿ ಮಂದಾನ ಅವರಿಗೆ ಆರ್‌ಸಿಬಿ ಕೊಟ್ಟದ್ದು 3.40 ಕೋಟಿ. ‘ಈ ಸಲ ಕಪ್ ನಮ್ದೇ’ ಎಂದು ಹದಿನಾರು ವರ್ಷ ಕೂಗಿದವರಿಗೆ ಮೊದಲ ಕಪ್ ತಂದುಕೊಟ್ಟದ್ದು 2024ರಲ್ಲಿ ಹೆಣ್ಣುಮಕ್ಕಳೇ. ಆ ಋತುವಿನಲ್ಲಿ ಅತಿ ಹೆಚ್ಚು ವಿಕೆಟ್ ಕಿತ್ತವರು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ. ಗಂಡಸರ ತಂಡ ಗೆದ್ದದ್ದು ಮರುವರ್ಷ.

◆ ಕೊನೆಗೆ ಕಬಡ್ಡಿ. ಪ್ರೊ ಕಬಡ್ಡಿ ಹೆಸರು ಮಾಡಿದ ಮೇಲೆ 2016ರಲ್ಲಿ ಹೆಣ್ಣುಮಕ್ಕಳಿಗೂ ಒಂದು ಲೀಗ್ ಶುರುವಾಯಿತು, ಮೂರೇ ತಂಡ. ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮವರು. ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್‌ಗೆ ಕಾರ್ಕಳದ ಮಮತಾ ಪೂಜಾರಿ. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಎದುರುಬದುರಾದವರೂ ಇವರಿಬ್ಬರ ತಂಡಗಳೇ. ಯಾರು ಗೆಲ್ಲುತ್ತಾರೋ ತಿಳಿಯದ ಪಂದ್ಯಕ್ಕೇ ಜನ ದುಡ್ಡು ಕೊಟ್ಟು ಬರುತ್ತಾರೆ ಎಂಬ ರಾಟನ್‌ಬರ್ಗ್ ವಾದ ನೆನಪಿದೆಯೇ? ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23. ಆ ಲೀಗ್‌ನ ಎರಡನೇ ಆವೃತ್ತಿ ನಡೆಯಲೇ ಇಲ್ಲ.